ನೀಲಿ ಟೋಪಿಯ ಶವಯಾತ್ರೆ

ನಾಗ್ವಾ ಪಟ್ಟಣದ ಕಡಲಕೇರಿಯಲ್ಲಿ ಯಾರು ಸತ್ತರೂ ಪ್ರಾರ್ಥನೆ ಹೇಳಿಸಲು ಬಾಲ್ಬಿನಾಳೇ ಬೇಕು. ಪಾದ್ರಿ ಬಂದರೆ ಬಂದ, ಬಿಟ್ಟರೆ ಬಿಟ್ಟ. ಬಾಲ್ಬಿನಾ ಬಾರದೆ ಹೆಣ ಏಳುವುದಿಲ್ಲ. ಊರಿನ ಅರ್ಧ ಜನರನ್ನು ಮೇಲಕ್ಕೆ ಕಳಿಸಿದವಳು ಇವಳೇ ಎಂದು ಅಂಗಡಿಯ ಚಿಚೊ ಕಿಚಾಯಿಸುತ್ತಾನೆ. ಆದರೆ ತನ್ನ ಗಂಡ ಫೊರೊನ ಹೆಸರಿನಲ್ಲಿ ಮಾತ್ರ ಅವಳು ಒಂದು ಸಾಲನ್ನೂ ಹೇಳಿರಲಿಲ್ಲ. ಕೆಲಸ ಹುಡುಕಿಕೊಂಡು ಕಡಲಾಚೆಯ ಪೋರ್ಟೊ ರಿಕೊಗೆ ಕಳ್ಳದೋಣಿ ಹತ್ತಿ ಹೋದವನು ಅವನು. ವರ್ಷಗಳೇ ಉರುಳಿದವು, ದೋಣಿಯೂ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ.

"ಒಂದು ಪ್ರಾರ್ಥನೆ ಹೇಳಿ ಮುಗಿಸ್ಬಿಡು ಬಾಲ್ಬಿನಾ, ಪಾಪ, ಅವನಾತ್ಮ ಅಲೆಯೋದು ಬೇಡ" ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ಬದುಕಿರೋನ್ನ ಹೂಳ್ಲಾ? ನಿಮ್ಮ ಬಾಯಿಗೆ ಮಣ್ಣು ಹಾಕ!"

ಕೇರಿಗೆ ಕೇರಿಯೇ ಬೇಸ್‌ಬಾಲಿನಲ್ಲಿ ಸಾಂತಿಯಾಗೊ ನಗರದ 'ಹದ್ದುಗಳು' ತಂಡದ ಕಡೆ. ಬಾಲ್ಬಿನಾಳಂತೂ ಹದ್ದುಗಳು ಸೋತ ದಿನ ಒಲೆ ಹಚ್ಚುವವಳಲ್ಲ. ಇಂಥವರ ನಡುವೆ ರಾಜಧಾನಿಯ ನೀಲಿ ತಂಡಕ್ಕೆ ಜೈ ಎನ್ನುತ್ತಿದ್ದ ಒಂದೇ ಒಂದು ಪ್ರಾಣಿ ಫೊರೊ. ನೀಲಿಯವರು ಸೋತ ವರ್ಷ ಕೇರಿಯವರು ತೆಳು ಹಲಗೆಯ ಶವಪೆಟ್ಟಿಗೆ ಮಾಡಿ, ಅಣಕು ಅಂತ್ಯಕ್ರಿಯೆ ನಡೆಸಿ, ಅದನ್ನು ಕಡಲಿಗೆ ಬಿಡುತ್ತಾರೆ. ಆಗೆಲ್ಲ ಹೆಣವಾಗುತ್ತಿದ್ದವನು ಫೊರೊನೇ. ಹೆಂಡತಿ ಗಂಭೀರವಾಗಿ ಪ್ರಾರ್ಥನೆ ಹೇಳುತ್ತಿದ್ದರೆ ಇವನು ಒಂದೇ ಕಣ್ಣು ತೆರೆದು, "ಲೇ, ಹೆಣಕ್ಕೂ ಒಂದ್ಲೋಟ ಶುಂಠಿ ಚಾ ಕೊಡೇ" ಎನ್ನುತ್ತಿದ್ದ. ಪೆಟ್ಟಿಗೆ ನೀರಿನ ಹತ್ತಿರ ಬಂತೆಂದರೆ ಟಣ್ಣನೆ ಎದ್ದು ಓಡುತ್ತಿದ್ದ.

ಅವನು ಹೋದಮೇಲೆ ಪೆಟ್ಟಿಗೆಯಲ್ಲಿ ಬಾಳೆದಿಂಡು ಮಲಗಿತು, ಅದರ ತಲೆಗೆ ಅವನ ನೀಲಿ ಟೋಪಿ. ಆದರೆ ಮೆರವಣಿಗೆ ದಡ ಮುಟ್ಟಿದೊಡನೆ ಬಾಲ್ಬಿನಾ ಟೋಪಿಯನ್ನು ತೆಗೆದುಕೊಂಡುಬಿಡುತ್ತಿದ್ದಳು. "ಬಂದಾಗ ಕೇಳ್ತಾನೆ" ಎನ್ನುತ್ತಿದ್ದಳು.

ಈ ವರ್ಷ ಕೊನೆಯ ಸರಣಿಯಲ್ಲಿ ಹದ್ದುಗಳೆದುರು ನೀಲಿಯವರು ಒಂದಾಟವನ್ನೂ ಗೆಲ್ಲಲಿಲ್ಲ. ಕಡೆಯ ದಿನ ಹದಿನಾಲ್ಕಕ್ಕೆ ಸೊನ್ನೆ! ರೇಡಿಯೊ ಮುಂದೆ ಕೂತ ಬಾಲ್ಬಿನಾ ಪ್ರತಿ ಓಟಕ್ಕೂ ತೊಡೆ ತಟ್ಟಿದಳು, ಮಿಠಾಯಿ ಚೀಪಿದಂತೆ ಆ ಸೋಲನ್ನು ಚೀಪಿದಳು. "ಈಗೆಲ್ಲಿ ಬಚ್ಚಿಟ್ಕೋತೀಯೋ ಮುಸುಡೀನಾ!" ಎಂದು ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಇದ್ದದ್ದು ಬರೀ ಕುರ್ಚಿ. ಬಾಯಲ್ಲಿದ್ದ ಸಿಹಿ ಅಲ್ಲೇ ಸಪ್ಪೆಯಾಯಿತು. ಗೆದ್ದ ಸುಖವೆಲ್ಲ ಇರುವುದು ಸೋತವನ ಮುಖದಲ್ಲಿ. ಆ ಮುಖವೇ ಇಲ್ಲದಿದ್ದರೆ ಹದಿನಾಲ್ಕು ಓಟ ಇಟ್ಟುಕೊಂಡು ಅವಳು ಏನು ಮಾಡಬೇಕು?

ಮರುದಿನ ಮಧ್ಯಾಹ್ನ ಚಿಚೊನ ಅಂಗಡಿ ಮುಂದೆ ಪೆಟ್ಟಿಗೆ ಇಟ್ಟರು. ಡೋಲು, ನಗು, ಶುಂಠಿ ಚಾ. ಬಾಲ್ಬಿನಾ ಜಪಮಾಲೆ ಹಿಡಿದು ಶುರುಮಾಡಿದಳು.

"ನೀಲಿಯವರ ಚೆಂಡೆಸೆಯುವವನ ಆತ್ಮಕ್ಕೆ..."

"ಶಾಂತಿ ಸಿಗದಿರಲಿ!" ಕೇರಿ ಕೂಗಿತು.

"ಅವರ ತರಬೇತುದಾರನ ಆತ್ಮಕ್ಕೆ..."

"ಶಾಂತಿ ಸಿಗದಿರಲಿ!"

ಬಾಲ್ಬಿನಾಳ ಕಣ್ಣು ಟೋಪಿಯ ಮೇಲಿತ್ತು. ಸಾವಿರ ಸಲ ಹೇಳಿ ಹೇಳಿ ಪಳಗಿದ ನಾಲಿಗೆ, ಅವಳ ಅಪ್ಪಣೆಗೆ ಕಾಯಲಿಲ್ಲ.

"ನನ್ನ ಗಂಡ ಫೊರೊನ ಆತ್ಮಕ್ಕೆ..."

ಕೂಗಲು ತೆರೆದ ಬಾಯಿಗಳು ಹಾಗೇ ಉಳಿದವು. ಡೋಲು ನಿಂತಿತು. ಚಿಚೊ ಗಾಬರಿಯಿಂದ, "ಬಾಯ್ತಪ್ಪಿ ಬಂತು ಬಿಡಕ್ಕ, ಮುಂದಿಂದು ಹೇಳು" ಎಂದ.

ಬಾಲ್ಬಿನಾ ಮುಂದಿನದು ಹೇಳಲಿಲ್ಲ. ಕಣ್ಣು ತುಂಬಿತ್ತು. ಆದರೂ ಎಲ್ಲ ಹೆಣಗಳ ಮುಂದೆ ಕಾಯುವಂತೆ ಜನರ ಉತ್ತರಕ್ಕೆ ಕಾದು ನಿಂತಳು. "ಯಾಕೆ, ನಾಲಿಗೆ ಬಿದ್ದೋಯ್ತಾ ಎಲ್ರುದೂ?" ಎಂದಳು. "ನಾನು ಹೇಳಿದ್ದಾಯ್ತಲ್ಲ. ನೀವೂ ಹೇಳಿ."

ಚಿಚೊ ತಲೆಯ ಟೋಪಿ ತೆಗೆದ. "ಶಾಂತಿ ಸಿಗಲಿ" ಎಂದ. ಇಡೀ ಕೇರಿ ಮೆಲ್ಲಗೆ ಅದನ್ನೇ ಹೇಳಿತು.

ಪೆಟ್ಟಿಗೆ ಹೊತ್ತವರು ನೀರಿನ ಅಂಚಿಗೆ ಬಂದು, ಪ್ರತಿವರ್ಷದಂತೆ ಅವಳು ಟೋಪಿ ತೆಗೆದುಕೊಳ್ಳಲಿ ಎಂದು ನಿಂತರು. ಬಾಲ್ಬಿನಾ ಬಗ್ಗಿದಳು. ಬಾಳೆದಿಂಡಿನ ಮೇಲಿನ ಟೋಪಿಯನ್ನು ಸರಿಯಾಗಿ ಕೆಳಕ್ಕೆಳೆದು ಕೂರಿಸಿದಳು. "ಹದಿನಾಲ್ಕಕ್ಕೆ ಸೊನ್ನೆ ಕಣೋ" ಎಂದು ಅದರ ಕಿವಿಯ ಜಾಗದಲ್ಲಿ ಹೇಳಿದಳು.

"ಟೋಪಿ, ಅಕ್ಕ?" ಚಿಚೊ ಕೇಳಿದ.

"ಇರ್ಲಿ ಬಿಡು. ಬರೀತಲೇಲಿ ಬಿಸಿಲಿಗೆ ಹೋದ್ರೆ ಅವನಿಗೆ ತಲೆನೋವು ಬರುತ್ತೆ."