ಪ್ರವಾಸಿಗೆ ಕುಡಗೋಲು ಕೊಡದ ಅತ್ತೆ

ಪ್ರವಾಸೋದ್ಯಮಕ್ಕೆ ಎಷ್ಟು ಅಂಗಗಳಿವೆ ಎಂಬುದನ್ನು ನಾನು ಕಲಿತದ್ದು ಕೊಲ್ಹಾಪುರದ ಒಂದು ಸಭಾಗೃಹದಲ್ಲಿ, ತಿರುಗದ ಫ್ಯಾನಿನ ಕೆಳಗೆ ಕೂತು. ಸಾರಿಗೆ ಒಂದು, ವಸತಿ ಒಂದು, ಊಟೋಪಚಾರ ಒಂದು, ನೋಡುವ ತಾಣಗಳು ಒಂದು, ಇವನ್ನೆಲ್ಲ ಜೋಡಿಸಿ ಮಾರುವ ಏಜೆಂಟರದು ಇನ್ನೊಂದು. ಇವರ ಮೇಲೆ ಪಂಚಾಯತಿ, ಜಿಲ್ಲೆ, ಅದರ ಮೇಲೆ ರಾಜ್ಯದ ಇಲಾಖೆ, ಅದರ ಮೇಲೆ ದಿಲ್ಲಿಯ ಮಂತ್ರಾಲಯ, ಎಲ್ಲಕ್ಕೂ ಮೇಲೆ ಇಡೀ ಜಗತ್ತಿಗೊಂದು ಸಂಸ್ಥೆ. ಪಾಠ ಹೇಳಿದವರು ಪರದೆಯ ಮೇಲೆ ಗೋಪುರದ ಚಿತ್ರ ತೋರಿಸಿದರು. ಅದರಲ್ಲಿ ನಮ್ಮ ಅತ್ತೆ ಎಲ್ಲೂ ಇರಲಿಲ್ಲ. ಪಾಪ, ಪಾಠ ಹೇಳಿದವರಿಗೆ ಅತ್ತೆಯ ವಿಷಯ ಗೊತ್ತಿರಲಿಲ್ಲ.

ನಾನಲ್ಲಿಗೆ ಹೋದದ್ದು ಜ್ಞಾನಕ್ಕಲ್ಲ, ಯಜಮಾನರ ಕಿವಿಗಾಗಿ. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮದುವೆಗೂ ಮೊದಲಿನಿಂದ ದುಡಿದು ಅವರ ಎಡಗಿವಿ ಪೂರ್ತಿ ಹೋಗಿತ್ತು. "ಶೆಡ್ ಬಿಡ್ರಿ, ಇಲ್ಲಾಂದ್ರ ಇನ್ನೊಂದೂ ಹೋಗ್ತೈತಿ" ಎಂದು ಡಾಕ್ಟರು ಹೇಳಿದರೆ ಇವರು "ಆಂ?" ಎಂದರು. ಡಾಕ್ಟರು ನಿಂತದ್ದು ಎಡಗಡೆ. ನಾನು ಬಲಗಡೆಗೆ ಹೋಗಿ ಅದೇ ಮಾತನ್ನು ಮತ್ತೆ ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಗಂಡನಿಗೆ ಎರಡೆರಡು ಸಲ ಹೇಳುವ ಗತಿ ನನ್ನ ವೈರಿಗೂ ಬೇಡ.

ಗಡಿಯಂಚಿನ ನಮ್ಮೂರು ದತ್ತವಾಡದಲ್ಲಿ ನಮಗೆ ತುಸು ಕಬ್ಬು, ಎರಡು ಎಮ್ಮೆ, ಮನೆಯ ಹಿಂದೆ ಮಲಗಲು ಎರಡು ಹೊಸ ಖೋಲಿಗಳಿದ್ದವು. ಇಷ್ಟಿದ್ದರೆ ಕೃಷಿ ಪ್ರವಾಸೋದ್ಯಮ ನಡೆಸಬಹುದಂತೆ. ಪುಣೆಯವರು ಬಂದು ಉಳಿದು, ಕಬ್ಬು ಕಡಿದು, ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಅದಕ್ಕೆ ಅನುಭವ ಎಂದು ಹೆಸರಿಟ್ಟು ಹೋಗುತ್ತಾರೆ. ಇಲಾಖೆಯ ಮಂಜೂರಿ ಸಿಕ್ಕ ದಿನವೇ ಶೆಡ್ ಬಿಡುವುದೆಂದು ಯಜಮಾನರು ಒಪ್ಪಿದ್ದರು.

ಮಂಜೂರಿಗೆ ಮೊದಲು, ಪರೀಕ್ಷೆಗೆಂದು, ಪರಿಚಯದ ಪುಣೆಯ ಗಂಡಹೆಂಡತಿಯನ್ನು ಕರೆಸಿದೆ. ಆತ ಹುರುಪಿನಿಂದ ಕುಡಗೋಲು ಹಿಡಿದು ಹೊಲಕ್ಕೆ ಇಳಿಯುವಷ್ಟರಲ್ಲಿ ಅತ್ತೆ ಓಡಿ ಬಂದು ಅದನ್ನು ಕಸಿದುಕೊಂಡರು.

"ಅಯ್ಯ ಯಪ್ಪಾ! ಮನಿಗೆ ಬಂದವ್ರ ಕೈಯಾಗ ಕುಡಗೋಲಾ? ನಾವೆಲ್ಲ ಸತ್ತೇವೇನು? ಕೂಡ್ರು ತಮ್ಮಾ, ಚಾ ಕುಡಿ."

ಆತನ ಹೆಂಡತಿ ರೊಟ್ಟಿ ಬಡಿಯಲು ಕೂತರೆ ಅವಳನ್ನೂ ಎಬ್ಬಿಸಿದರು. ಗಂಡಹೆಂಡತಿ ಇದ್ದಷ್ಟು ದಿನವೂ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಹೋದ ಮೇಲೆ ಫೋನಿನಲ್ಲಿ ಬರೆದರು: ಊಟ ಅಮೋಘ, ಅನುಭವ ಶೂನ್ಯ. ನಾನು ಅತ್ತೆಗೆ ಓದಿ ಹೇಳಿದೆ.

"ಊಟ ಚಲೋ ಐತಿ ಅಂದಾರಲ್ಲ, ಮತ್ತೇನ ಬೇಕ ನಿನಗ?" ಎಂದರು.

ಅಷ್ಟರಲ್ಲಿ ಕೊಲ್ಹಾಪುರದಿಂದ ತಪಾಸಣೆಗೆ ಬರುತ್ತೇವೆಂದು ಫೋನ್ ಬಂತು. ನಾನು ಅತ್ತೆಯನ್ನು ಎದುರಿಗೆ ಕೂಡಿಸಿಕೊಂಡು ಪಾಠ ಶುರುಮಾಡಿದೆ. "ಬಂದವ್ರು ಏನ ಮಾಡಿದ್ರೂ ಬಿಡ್ರಿ. ಕೂಡ್ರಿ ಅನಬ್ಯಾಡ್ರಿ."

"ಬಂದವ್ರಿಗೆ ಕೂಡ್ರಿ ಅನಬಾರದಾ? ಯಾವ ಸುಡಗಾಡ ಕಾಯ್ದೆ ಇದು?"

"ನಿಮ್ಮ ಮಗನ ಕಿವೀರಿ, ಅತ್ತೀ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಎಮ್ಮೆಗೆ ನೀರು ಕುಡಿಸಲು ಎದ್ದರು.

ಬಂದವರು ಒಬ್ಬ ಮೇಡಂ. ಮರಾಠಿಯವರು, ಕೊರಳಲ್ಲಿ ಕರಿಮಣಿ, ಮೈಮೇಲೆ ಚೂಡಿದಾರ, ಹೆಗಲಿಗೆ ಓಢಣಿ. ಖೋಲಿ ನೋಡಿದರು, ನೀರು ನೋಡಿದರು, ಸಂಡಾಸಿನ ಬಾಗಿಲಿಗೆ ಚಿಲಕವಿದೆಯೇ ಎಂದು ನೋಡಿದರು. ಆಮೇಲೆ ಕುಡಗೋಲು ಕೇಳಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತರು. ಮೇಡಂ ಒಂದು ಕಬ್ಬನ್ನು ಬಹಳ ಹೊತ್ತು ಕಡಿದರು. ಎಮ್ಮೆ ಹಿಂಡಲು ಕೂತರೆ ಎಮ್ಮೆ ಹಿಂತಿರುಗಿ ನೋಡಿ ಹಾಲು ಬಿಡದೆ ಮೇಲೆ ಏರಿಸಿಕೊಂಡಿತು. ಆಮೇಲೆ ಒಂದು ರೊಟ್ಟಿ ಬಡಿದರು. ಅದಕ್ಕೆ ಮೂಲೆಗಳಿದ್ದವು. ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು, ಬಾಯಿಂದ ಒಂದು ಮಾತೂ ಬರಲಿಲ್ಲ. ಆ ಗಳಿಗೆ ನನಗೆ ಅವರ ಮೇಲೆ ನಿಜಕ್ಕೂ ಪ್ರೀತಿ ಉಕ್ಕಿತು. ಗೆದ್ದೆವು ಅಂದುಕೊಂಡೆ.

ಮೇಡಂ ಹೊರಡಲು ಚೀಲ ಎತ್ತಿಕೊಂಡರು. ಅತ್ತೆ ಒಳಗೆ ಹೋಗಿ ತಾಟು ಹಿಡಿದು ಬಂದರು. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮ, ನಾನು ನನ್ನ ತಂಗಿಗೆಂದು ಗಡಹಿಂಗ್ಲಜ ಪೇಟೆಯಿಂದ ತಂದು ಬಚ್ಚಿಟ್ಟಿದ್ದ ಕುಪ್ಪಸದ ಖಣ. ಮನೆಯಿಂದ ಹೊರಟ ಮುತ್ತೈದೆಗೆ ಇದನ್ನೆಲ್ಲ ಮಡಿಲಿಗೆ ಹಾಕಿ ಉಡಿ ತುಂಬಿಯೇ ಕಳಿಸಬೇಕು. ಇದನ್ನು ನಿಲ್ಲಿಸಲು ನಾನು ಹೇಳಿರಲಿಲ್ಲ. ಪಾಠದಲ್ಲಿ ಅದೊಂದು ಬಿಟ್ಟುಹೋಗಿತ್ತು.

"ನಕೋ ಆಜಿ, ನಕೋ!" ಮೇಡಂ ಹಿಂದೆ ಸರಿದರು. ತಪಾಸಣೆಗೆ ಬಂದ ಮನೆಯಲ್ಲಿ ಏನೇ ತೆಗೆದುಕೊಂಡರೂ ಅದು ಲಂಚ, ನೌಕರಿಗೆ ಕುತ್ತು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಈ ಹೊಸ್ತಿಲಾ ಖಾಲಿ ಉಡೀಲೆ ಯಾರೂ ದಾಟಿಲ್ಲ. ನಿಮ್ಮ ಸರಕಾರ ಮೊನ್ನೆ ಬಂದೈತಿ."

ನಾನದನ್ನು ಮರಾಠಿಗೆ ತರಲಿಲ್ಲ. ಮೇಡಂಗೆ ಹೇಗೂ ತಿಳಿಯಿತು. "ಅತ್ತೀ, ದಾರಿ ಬಿಡ್ರಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. "ನಿಮ್ಮ ಮಗನ ಕಿವಿ!"

"ನನ್ನ ಮಗನ ಕಿವಿ ಸಲುವಾಗಿ ಮಂದೀ ಮಗಳನ್ನ ಖಾಲಿ ಕಳಿಸ್ಲೇನು?"

ನನಗೆ ಎಷ್ಟು ಸಿಟ್ಟು ಬಂತೆಂದರೆ ತಾಟು ಕಸಿದು ಎಮ್ಮೆಯ ಮೇಲೆ ಎಸೆಯಬೇಕೆನಿಸಿತು. ಅಂಗಳದಲ್ಲಿ ಯಜಮಾನರು ಬಲಗಿವಿ ನಮ್ಮತ್ತ ತಿರುಗಿಸಿ ನಿಂತಿದ್ದರು. ಎಲ್ಲವೂ ಕೇಳಿಸಿತ್ತು. ನೆಲ ನೋಡುತ್ತಿದ್ದರು.

ಮೇಡಂ ಅತ್ತೆಯನ್ನು ನೋಡಿದರು, ಯಜಮಾನರನ್ನು ನೋಡಿದರು. ಚೀಲ ಕೆಳಗಿಟ್ಟು ಓಢಣಿ ಒಡ್ಡಿದರು. ಅತ್ತೆ ಕುಂಕುಮ ಹಚ್ಚಿ ತಾಟಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಕಿದರು. ಹೀಗೆ ಉಡಿ ತುಂಬಿಸಿಕೊಂಡವಳು ಒಂದು ಚಿಟಿಕೆ ಅಕ್ಕಿಯನ್ನು ತಿರುಗಿ ತಾಟಿಗೆ ಹಾಕುವುದು ರೂಢಿ, ಕೊಟ್ಟ ಮನೆ ಬರಿದಾಗಬಾರದೆಂದು. ಮೇಡಂ ಕಾಯಿ ತಿರುಗಿ ಹಾಕಿದರು, ಖಣ ಹಾಕಿದರು, ಅಕ್ಕಿಯನ್ನೆಲ್ಲ ಹಾಕಿದರು. ಒಂದು ಚಿಟಿಕೆ ಉಳಿಸಿಕೊಂಡು ಓಢಣಿಯ ತುದಿಗೆ ಗಂಟು ಕಟ್ಟಿದರು.

ಅತ್ತೆ ತಾಟನ್ನೇ ನೋಡುತ್ತ ನಿಂತರು. ಇದು ತಪ್ಪೆಂದು ಹೇಳಲು ಯಾವ ಶಾಸ್ತ್ರವೂ ಅವರಿಗೆ ನೆನಪಾಗಲಿಲ್ಲ.

"ಹೋಗಿ ಬಾ ಯವ್ವಾ," ಎಂದು ದಾರಿ ಬಿಟ್ಟರು.

ಗೇಟಿನ ಹತ್ತಿರ ಮೇಡಂ ಕೇಳಿದರು, ಆಜಿ ಬಂದವರಿಗೆಲ್ಲ ಹೀಗೇ ಮಾಡುತ್ತಾರಾ? ಹೌದ್ರೀ, ಯಾರು ತಡೆದರೂ ಕೇಳೋದಿಲ್ಲ ಎಂದು ಇದ್ದದ್ದು ಹೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಆಮೇಲೆ ಎಷ್ಟೋ ದಿನ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ, ಅವರೇ ಇಬ್ಬರ ಮಾತನ್ನೂ ಆಡುತ್ತಿದ್ದರು.

ಮಂಜೂರಿ ನನ್ನ ಫೋನಿಗೆ ಬಂತು. ಪ್ರವಾಸಿಗರು ಇಲ್ಲಿ ಮಾಡಬಹುದಾದವು: ಕಬ್ಬು ಕಡಿಯುವುದು, ಎಮ್ಮೆ ಹಿಂಡುವುದು, ರೊಟ್ಟಿ ಬಡಿಯುವುದು, ಉಡಿ ತುಂಬಿಸಿಕೊಳ್ಳುವುದು. ಕೊನೆಯದು ಕಡ್ಡಾಯವೆಂದು ಇಲಾಖೆ ಬರೆದಿರಲಿಲ್ಲ. ಅದನ್ನು ಅತ್ತೆ ನೋಡಿಕೊಳ್ಳುತ್ತಾರೆ.

ಯಜಮಾನರು ಶೆಡ್ಡಿನ ಪಾಳಿಗೆ ಹೊರಟು ಗಾಡಿಗೆ ಕಿಕ್ ಹೊಡೆದು ಚಾಲೂ ಮಾಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಟ್ಟೆಯ ಮೇಲಿಂದ ಕೂಗಿದರು: "ಗಾಡಿ ಆರಸೋ! ಮಂಜೂರಿ ಬಂದೈತಿ! ಇನ್ನ ಶೆಡ್ಡಿಗೆ ಹೋಗೂದ ಬ್ಯಾಡ!"

ಗಾಡಿ ನಿಂತಿತು. "ಆಂ?" ಎಂದರು.

ನಾನು ಬಲಗಡೆಗೆಂದು ಓಡಿದೆ. ಓಡಬೇಕಾಗಿರಲಿಲ್ಲ, ಮೊದಲ ಸಲವೇ ಕೇಳಿಸಿತ್ತು. ಅವರು ಬಲಗಿವಿಯನ್ನೇ ನಮ್ಮತ್ತ ತಿರುಗಿಸಿ ನಿಂತಿದ್ದರು, ಕಣ್ಣು ತುಂಬಿತ್ತು. ನಾನು ಇಡೀ ಓಣಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದೆ.

"ಆಂ?" ಎಂದರು.