ಏಳು ಗಂಟೆಯ ಫೋನು

ಬೆಳಿಗ್ಗೆ ನೀರು ತುಂಬಿಟ್ಟೆ. ಮೆಂತ್ಯ ಪಲ್ಲೆ ಸೋಸಿದೆ. ಅತ್ತೆಯವರ ಬಿ.ಪಿ. ಗುಳಿಗೆ ತಂದೆ, ಗ್ಯಾಸ್ ಸಿಲಿಂಡರಿಗೆ ಫೋನು ಮಾಡಿದೆ. ಮಧ್ಯಾಹ್ನ ಬಸ್ಸು ಹಿಡಿದು ಆಫೀಸಿಗೆ ಹೋಗಿ, ಹೋದ ತಿಂಗಳು ನಾನೇ ಬರೆದ ಸುದ್ದಿ ಸುಳ್ಳೆಂದು ನಾಲ್ಕು ಸಾಲು ಬರೆದೆ.

ನಾನು ಪುಣೆಯ ಒಂದು ಮರಾಠಿ ಪತ್ರಿಕೆಯ ಕ್ರೀಡಾ ವರದಿಗಾರ್ತಿ. ಕಬಡ್ಡಿಯ ಸಣ್ಣ ಪಂದ್ಯಗಳಿಗೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಸಂಜೆ ಏಳಕ್ಕೆ ತರಬೇತುದಾರರೇ ಫೋನು ಮಾಡಿ ಅಂಕ, ಹೆಸರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಹೆಣ್ಣುಮಕ್ಕಳ ತಂಡವೊಂದರ ತರಬೇತುದಾರರು ಬೆಳಗಾವಿ ಕಡೆಯವರು, ನಾನು ಧಾರವಾಡದವಳು. ಹನ್ನೆರಡು ವರ್ಷ ಅವರ ಫೋನು ತಪ್ಪಿರಲಿಲ್ಲ. ಅಂಕ ಹೇಳುವ ಮೊದಲು "ಅಕ್ಕಾರ, ಊಟಕ್ಕ ಏನ್ ಮಾಡೀರಿ?" ಅನ್ನುವವರು. ಆ ಒಂದು ಮಾತಿಗೆ ನಾನು ಉಳಿದ ಮಾತನ್ನೆಲ್ಲ ನಂಬುತ್ತಿದ್ದೆ.

ಹೋದ ತಿಂಗಳು ಅವರ ಮುಖ್ಯ ಆಟಗಾರ್ತಿ ಸೆಮಿಫೈನಲಿನಲ್ಲಿ ಬಿದ್ದಳು. ಮೊಣಕಾಲು ಸ್ವಲ್ಪ ಉಳುಕಿದೆ, ಫೈನಲಿಗೆ ಸಿದ್ಧಳಿದ್ದಾಳೆ ಎಂದರು. ಹಾಗೇ ಬರೆದೆ. ಆಕೆ ಫೈನಲ್ ಆಡಿದಳು, ತಂಡ ಗೆದ್ದಿತು. ಅದನ್ನೂ ಬರೆದೆ.

ಮೊನ್ನೆ ಆಕೆಯ ಅಪ್ಪ ಆಫೀಸಿಗೆ ಬಂದಿದ್ದ. ಚಾಕಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಅದೇ ಬಟ್ಟೆಯಲ್ಲಿ. ಕಿಸೆಯಿಂದ ನಮ್ಮ ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಸೆಮಿಫೈನಲ್ ಆಡಿ ಬಂದವಳು ಕಾಲು ಊರಲಾರದೆ ಅತ್ತಿದ್ದಳಂತೆ, ದವಾಖಾನೆಗೆ ಕರೆದುಕೊಂಡು ಹೋಗು ಅಂದಿದ್ದಳಂತೆ. ಮರುದಿನ ಬೆಳಿಗ್ಗೆ ಪೇಪರು ಓದಿದ ಇವನು, ಸ್ವಲ್ಪ ಉಳುಕಿದ್ದಕ್ಕೆ ಇಷ್ಟು ನಾಟಕವೇ ಎಂದು ಬೈದು, ತಾನೇ ಗಾಡಿಯ ಮೇಲೆ ಮೈದಾನಕ್ಕೆ ಬಿಟ್ಟುಬಂದ. ಮೊಣಕಾಲಿನೊಳಗೆ ಲಿಗಮೆಂಟ್ ಎರಡು ಕಡೆ ಹರಿದಿದೆ, ಇನ್ನು ಆಡುವ ಮಾತೇ ಇಲ್ಲ ಎಂದಿದ್ದಾರೆ ಡಾಕ್ಟರು. ಆಟದ ಮೇಲೆ ಪೊಲೀಸ್ ನೌಕರಿಗೆ ಸೇರುವ ಆಸೆಯೂ ಹೋಯಿತು. ನೋವಿಗೆ ಆಕೆಗೆ ನಿದ್ದೆಯೇ ಹತ್ತುವುದಿಲ್ಲವಂತೆ. ಅವನು ನನ್ನನ್ನು ಬೈಯಲಿಲ್ಲ. ಮಗಳನ್ನು ಬಿಟ್ಟು ಪೇಪರನ್ನು ನಂಬಿದೆ ಎಂದಷ್ಟೇ ಮರಾಠಿಯಲ್ಲಿ ಹೇಳಿ, ತುಣುಕನ್ನು ಮಡಚಿ ಮತ್ತೆ ಕಿಸೆಯಲ್ಲಿಟ್ಟುಕೊಂಡ.

ಇವತ್ತು ಬರೆಯುವ ಮೊದಲು ತರಬೇತುದಾರರಿಗೆ ಫೋನು ಮಾಡಿದೆ. ಫೈನಲ್ ಸೋತಿದ್ದರೆ ತಂಡ ನಡೆಸುವ ಸಂಸ್ಥೆಯವರು ತಮ್ಮ ಜಾಗಕ್ಕೆ ಬೇರೆಯವರನ್ನು ತರುತ್ತಿದ್ದರು ಎಂದರು. ಆಡಲು ಆಕೆಯೂ ಹೂಂ ಅಂದಿದ್ದಳು ಎಂದರು.

"ಬರೀಬ್ಯಾಡ್ರಿ ಅಕ್ಕಾರ. ನನ್ನ ಕೆಲಸ ಹೋಗ್ತದ."

"ಆಕಿ ಮೊಣಕಾಲು ಹೋಗೇದಲ್ರಿ."

"ನಾ ಬರೇ ಹೇಳಿದ್ನಿರಿ. ಬರದವ್ರು ನೀವು. ಒಮ್ಮ್ಯಾದ್ರೂ ಆಕಿಗೆ ಫೋನ್ ಹಚ್ಚಿದ್ರೇನ್ರಿ?"

ಹಚ್ಚಿರಲಿಲ್ಲ. ಹನ್ನೆರಡು ವರ್ಷದಲ್ಲಿ ಆ ತಂಡದ ಒಬ್ಬಳ ನಂಬರೂ ನನ್ನ ಹತ್ತಿರ ಇರಲಿಲ್ಲ. ಗಾಯಗೊಂಡವಳನ್ನು ಕೇಳದೆ ಬರೆದೆವು ಎಂದು ಅದನ್ನೂ ಸೇರಿಸಿದೆ. ಸಂಪಾದಕರು ಆ ಸಾಲು ಬೇಡವೆಂದರು. ನಾನು ಎದ್ದುಹೋಗದೆ ಅವರ ಮೇಜಿನ ಮುಂದೆಯೇ ಕೂತೆ, ಸಾಲು ಉಳಿಯಿತು.

ಏಳು ಹೊಡೆಯಿತು. ಅವರ ತಂಡದ ಪಂದ್ಯವಿತ್ತು; ಫೋನು ಬರಲಿಲ್ಲ. ಯಾರು ಗೆದ್ದರೋ ಗೊತ್ತಾಗಲಿಲ್ಲ.

ಮನೆಗೆ ಬಂದು ರೊಟ್ಟಿ ಬಡಿದೆ. ರೊಟ್ಟಿ, ಮೆಂತ್ಯ ಪಲ್ಲೆ, ಮೊಸರು. ಪಲ್ಲೆಗೆ ಉಪ್ಪು ಮರೆತಿದ್ದೆ. ಅತ್ತೆ ಮೊದಲು ಮಲಗಿದರು, ಆಮೇಲೆ ನಮ್ಮ ಮನೆಯವರು. ನಾನು ಎದ್ದೇ ಕೂತಿದ್ದೆ.