ಶುಕ್ರವಾರ ಬರುವ ವಿಳಾಸ

ಅಪ್ಪ ತೀರಿಕೊಂಡ ಮೇಲೆ ತನ್ನನ್ನು ಕೇಳದೆ ದೋಣಿ ಮಾರಿದಳೆಂದು ಬಹರೈನಿನಲ್ಲಿದ್ದ ಅಣ್ಣ ಅಮ್ಮನ ಜೊತೆ ಮಾತು ಬಿಟ್ಟ. ಫೋನ್ ನಂಬರೂ ಬದಲಿಸಿದ. ನನ್ನ ಇ-ಮೇಲಿಗೆ ಉತ್ತರವಿಲ್ಲ. ಎಂಥಾ ಹಟ ಮಾರಾಯ್ರೆ ಅದು!

ನಾನಾಗ ಮಂಕಿಯಿಂದ ದಿನಾ ಹೊನ್ನಾವರಕ್ಕೆ ಹೋಗಿ ಭಟ್ಕಳ, ಕುಮಟಾ ಕಡೆಯ ಸಾವು, ಮದುವೆ, ಮೀನಿನ ದರ ಹಾಕುವ ವೆಬ್‌ಸೈಟೊಂದನ್ನು ನೋಡಿಕೊಳ್ಳುತ್ತಿದ್ದೆ. ಓದುವವರು ಹೆಚ್ಚಾಗಿ ಕೊಲ್ಲಿ ದೇಶಗಳಲ್ಲಿದ್ದ ನಮ್ಮೂರ ಕಡೆಯವರೇ. ಅದನ್ನು ನಡೆಸುವ ಜಾವಾ ಸರ್ವರ್, ಬಂದವರ ಕಂಪ್ಯೂಟರಿನ ವಿಳಾಸವನ್ನು ಬರೆದಿಡುತ್ತಿತ್ತು. ಅಣ್ಣನ ಕೊನೆಯ ಇ-ಮೇಲಿನ ಜೊತೆ ದಾಖಲಾಗಿದ್ದ ಅವನ ಕಂಪ್ಯೂಟರಿನ ವಿಳಾಸವೇ ಒಂದು ಶುಕ್ರವಾರ, ಅವನ ರಜೆಯ ದಿನ, ಅಲ್ಲಿ ಕಂಡಿತು. ಮರುವಾರವೂ ಕಂಡಿತು.

ಅಮ್ಮನಿಗೆ ಹೇಳಿದೆ. ಆಮೇಲೆ ಶುಕ್ರವಾರ ಬಂತೆಂದರೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, “ಅಂವ ಬಂದಿದ್ನ?”

“ಬಂದಿದ್ದ, ಕಳ್ಳನ ಹಾಗೆ. ಅಂವನೇ ಅಂತ ಎಂತ ಗ್ಯಾರಂಟಿ?”

“ನೀ ಸುಮ್ನಿರು. ಅಂವನೇ.” ಅವತ್ತು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು.

ಓದುಗರು ಹೆಚ್ಚಾದರು. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯವರು ಜಾವಾ ಸರ್ವರಿನ ಮುಂದೆ ತಮ್ಮದೊಂದು ವೆಬ್ ಸರ್ವರ್ ಇಟ್ಟರು. ಯಾರೇ ಬಂದರೂ ಮೊದಲು ಅದಕ್ಕೆ ಹೇಳಬೇಕು, ಅದು ಒಳಗೆ ದಾಟಿಸಬೇಕು. ಸೈಟು ಚುರುಕಾಯಿತು. ಆದರೆ ನನ್ನ ದಾಖಲೆಯಲ್ಲಿ ಮೇಲಿಂದ ಕೆಳಗಿನವರೆಗೆ ಆ ಮುಂದಿನ ಸರ್ವರಿನ ವಿಳಾಸವೊಂದೇ.

“ಮುಂದೆ ಬೇರೆ ಸರ್ವರ್ ನಿಲ್ಸಿದ್ದಾರೆ, ಇನ್ನು ಅಂವ ಬಂದ್ರೂ ಗೊತ್ತಾಗೂದಿಲ್ಲ ಅಮ್ಮ,” ಅಂದೆ.

“ಹಂಗಂದ್ರೆ? ಬಾಗ್ಲಲ್ಲಿ ನಿಂತಂವ, ಯಾರ್ ಬಂದ್ರು ಅಂತ ಒಳಗೆ ಹೇಳೂದಿಲ್ವ?”

ಕಂಪನಿಯವರಿಗೆ ನಾನು ಕೇಳಿದ್ದೂ ಅಷ್ಟೇ. ಬಂದವರ ನಿಜವಾದ ವಿಳಾಸವನ್ನು ಹೆಡರಿನಲ್ಲಿ, ಅಂದರೆ ಒಳಗೆ ದಾಟಿಸುವ ಪ್ರತಿ ಕೋರಿಕೆಯ ತಲೆಚೀಟಿಯಲ್ಲಿ, ಸೇರಿಸಿ ಕಳಿಸಿ ಅಂದೆ. ಒಂದೇ ಒಂದು ಸಾಲಿನ ಕೆಲಸ. ಮಾಡೋಣ ಮೇಡಂ, ನೋಡೋಣ ಮೇಡಂ ಅಂತ ದಿನ ದೂಡಿದರು. ಅವರ ಮನೆ ಹಾಳಾಗ! ಅಷ್ಟರಲ್ಲಿ ಅಮ್ಮ ಜ್ವರ ಬಂದು ಮಲಗಿದಳು. ಮಲಗಿದಲ್ಲೇ “ಅಂವ ಬಂದಿದ್ನ?” ಅಂತ ಕೇಳುತ್ತಿದ್ದಳು. ಉತ್ತರ ಸಿಗದೆಯೇ ಹೋಗಿಬಿಟ್ಟಳು.

ಸೈಟಿನಲ್ಲಿ ಅಮ್ಮನ ಫೋಟೋ ಹಾಕಿ ಸಾವಿನ ಸುದ್ದಿಯನ್ನು ನಾನೇ ಬರೆದೆ. ಕಂಪನಿಯವರು ಆ ಸಾಲು ಸೇರಿಸಿದ್ದು ಅದೇ ವಾರ.

ಶುಕ್ರವಾರ ದಾಖಲೆ ತೆರೆದೆ. ಬಹರೈನಿನ ಅದೇ ವಿಳಾಸ ಬಂದಿತ್ತು. ಮೊದಲು ಮೀನಿನ ದರ ನೋಡಿದ್ದ. ಆಮೇಲೆ ಅಮ್ಮನ ಪುಟ. ಮತ್ತೆ ಅಮ್ಮನ ಪುಟ. ಸಂಜೆಯವರೆಗೂ ಅದೇ ಪುಟ. ಅಷ್ಟು ಕಾಲ ನಾನು ಬೈದುಕೊಂಡಿದ್ದ ಅಣ್ಣನಿಗಾಗಿ ಮೇಜಿಗೆ ತಲೆಯಿಟ್ಟು ಅತ್ತೆ.

ಮನೆಗೆ ಬಂದು ಬಾಗಿಲು ತೆಗೆದೆ. ಚಪ್ಪಲಿ ಬಿಡುವ ಮೊದಲೇ, “ಬಂದಿದ್ದ ಅಮ್ಮ,” ಅಂದೆ.